ಹಳ್ಳ ಹುಟ್ಟುವ ಜಾಗ



ಭೂಮಿಯಂಥ ಕಲ್ಲಿನ ಗ್ರಹಗಳ ಮೈಮೇಲೆ ಹರಿವಿನ ಜಾಡುಗಳು ಹೇಗೆ ಮೂಡುತ್ತವೆ ಎಂಬುದು ಇವತ್ತಿನ ವಿಷಯ. ಮಂಗಳ, ಶುಕ್ರಗಳವರೆಗೂ ಹೋಗಿ ಬರುವುದಿದೆ. ಆದರೆ ಹೊರಡುವುದು ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನ ಒಂದು ರಾಗಿ ಹೊಲದಿಂದ.

ನಮ್ಮ ಹೊಲ ಕೆರೆಯ ಕಡೆಗೆ ಓರೆಯಾಗಿತ್ತು. ಮೇಲ್ತುದಿಯಲ್ಲಿ ಬೋಳು ದಿಣ್ಣೆ, ನಡುವೆ ಒಂದು ಹುಣಸೆಮರ, ಕೆಳಗೆ ಕೆರೆಯಂಗಳ. ಹುಣಸೆಮರದಿಂದ ಕೆಳಕ್ಕೆ ಒಂದು ಕೊರಕಲು ಇತ್ತು. ಮರದಿಂದ ಮೇಲಕ್ಕೆ ಇರಲಿಲ್ಲ. ನಾನು ಮಿಡ್ಲ್ ಸ್ಕೂಲಿನಲ್ಲಿದ್ದಾಗ ಒಂದು ವರ್ಷ ಚಿತ್ತೆ ಮಳೆ ರಾತ್ರಿಯಿಡೀ ಹೊಡೆಯಿತು. ಬೆಳಿಗ್ಗೆ ಹೋಗಿ ನೋಡಿದರೆ ಕೊರಕಲಿನ ನೆತ್ತಿ ಮರವನ್ನು ದಾಟಿ ಮೂರು ಮಾರು ಮೇಲಕ್ಕೆ ಬಂದಿತ್ತು. ಮರದ ಬೇರುಗಳು ಗಾಳಿಯಲ್ಲಿ ತೂಗುತ್ತಿದ್ದವು. ಅಪ್ಪ ಕಲ್ಲು ಹೊತ್ತು ತಂದು ಕೊರಕಲಿಗೆ ಅಡ್ಡ ಜೋಡಿಸುತ್ತಾ ಹೇಳಿದರು: “ನೀರು ಕೆಳಕ್ಕೆ ಹೋಗ್ತೈತೆ, ಕೊರಕಲು ಮೇಲಕ್ಕೆ ಹತ್ತುತೈತೆ, ನೋಡ್ಲಾ.”

ಅದು ಮರದ ಬಳಿಯೇ ಏಕೆ ಶುರುವಾಗಿತ್ತು? ಹತ್ತು ಮಾರು ಮೇಲೆ ಏಕಲ್ಲ? ಮಳೆ ಇಡೀ ಹೊಲದ ಮೇಲೆ ಒಂದೇ ಸಮ ಬಿದ್ದಿತ್ತಲ್ಲ? ಭೂವಿಜ್ಞಾನ ಓದಿ, ಅದನ್ನೇ ಪಾಠ ಹೇಳಿ ಮುದುಕನಾದ ಮೇಲೂ ನನ್ನನ್ನು ಬಿಡದ ಪ್ರಶ್ನೆ ಇದು. 1988ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಡೇವಿಡ್ ಮಾಂಟ್‌ಗೊಮರಿ ಮತ್ತು ವಿಲಿಯಂ ಡೀಟ್ರಿಚ್ ಎಂಬ ಇಬ್ಬರು ಅಮೆರಿಕನ್ ವಿಜ್ಞಾನಿಗಳು ಒಂದು ಲೇಖನ ಪ್ರಕಟಿಸಿದರು. ಅದರ ತಲೆಬರಹವೇ ‘ಹಳ್ಳಗಳು ಎಲ್ಲಿ ಶುರುವಾಗುತ್ತವೆ?’ ಎಂಬ ಅರ್ಥದ್ದು. ಅದನ್ನು ಓದಿದಾಗ ನನಗೆ ಮೊದಲು ನೆನಪಾದದ್ದು ಆ ಹುಣಸೆಮರ.

ಹನಿಗೂಡಿ ಹಳ್ಳ ಎನ್ನುತ್ತದೆ ನಮ್ಮ ಗಾದೆ. ಗಾದೆ ಅರ್ಧ ದಾರಿಯವರೆಗೆ ಸರಿ. ಹನಿ ಎಲ್ಲ ಹೊಲದಲ್ಲೂ ಕೂಡುತ್ತದೆ, ಹಳ್ಳ ಎಲ್ಲ ಹೊಲದಲ್ಲೂ ಆಗುವುದಿಲ್ಲ. ಉಳಿದರ್ಧ ದಾರಿಯನ್ನು ತೋರಿಸುವುದು ಹಳ್ಳ ಎಂಬ ಮಾತೇ. ‘ರಸ್ತೆಯಲ್ಲಿ ಹಳ್ಳ ಬಿದ್ದಿದೆ’ ಎಂದಾಗ ಅದು ತಗ್ಗು, ಗುಂಡಿ. ‘ಊರ ಮುಂದೆ ಹಳ್ಳ ಬಂದಿದೆ’ ಎಂದಾಗ ಅದು ಹರಿಯುವ ನೀರು. ತಗ್ಗಿಗೂ ಹರಿವಿಗೂ ಕನ್ನಡದಲ್ಲಿ ಒಂದೇ ಪದ. ನೆಲದ ಒಂದು ಸಣ್ಣ ತಗ್ಗು ಹೇಗೆ ಹರಿವಿನ ಹಾದಿಯಾಗಿಬಿಡುತ್ತದೆ ಎನ್ನುವುದೇ ನಾನು ಇವತ್ತು ಹೇಳಬೇಕಾದ ವಿಷಯವೂ ಹೌದು.

ಮೊದಲ ಮಳೆಯ ನೀರು ಹರಿಯುವುದಿಲ್ಲ, ಇಂಗುತ್ತದೆ. ನಮ್ಮ ಕೆಂಪು ಮಣ್ಣಿನ ಮೇಲೆ ಬಿರುಮಳೆ ಬಿದ್ದಾಗ ಹನಿಯ ಏಟಿಗೆ ಮೇಲ್ಪದರದ ಹುಡಿ ಕದಡಿ, ಸಣ್ಣ ಕಣಗಳು ರಂಧ್ರಗಳಲ್ಲಿ ಕೂತು, ಹೆಪ್ಪುಗಟ್ಟಿದಂಥ ಒಂದು ಪೊರೆ ಕಟ್ಟುತ್ತದೆ. ಆಮೇಲೆ ನೆಲ ಕುಡಿಯುವುದಕ್ಕಿಂತ ವೇಗವಾಗಿ ಮಳೆ ಸುರಿದರೆ ಮಿಕ್ಕ ನೀರು ತೆಳುವಾದ ಹಾಳೆಯಂತೆ ಇಳಿಜಾರಿನ ಮೇಲೆ ಜಾರತೊಡಗುತ್ತದೆ. ಇದನ್ನು ಲೆಕ್ಕ ಹಾಕಿ ತೋರಿಸಿದವರು ರಾಬರ್ಟ್ ಹಾರ್ಟನ್, 1945ರಲ್ಲಿ. ಹರಿಯುವ ನೀರು ತನ್ನ ತಳದ ಮಣ್ಣನ್ನು ಎಳೆಯುತ್ತದೆ. ನೀರು ಎಷ್ಟು ಆಳ, ನೆಲ ಎಷ್ಟು ಓರೆ, ಅಷ್ಟು ಎಳೆತ. ದಿಣ್ಣೆಯ ನೆತ್ತಿಯಲ್ಲಿ ನೀರಿನ ಹಾಳೆ ತೀರ ತೆಳು. ಮಣ್ಣಿನ ಕಣಗಳ ಹಿಡಿತವನ್ನು ಬಿಡಿಸಲು ಅದಕ್ಕೆ ಬಲ ಸಾಲದು. ಕೆಳಗೆ ಹೋದಂತೆ ಮೇಲಿನ ನೀರೆಲ್ಲ ಸೇರಿ ಹಾಳೆ ದಪ್ಪಗಾಗುತ್ತದೆ. ಒಂದು ಕಡೆ ಎಳೆತ ಹಿಡಿತವನ್ನು ಮೀರುತ್ತದೆ. ನಮ್ಮ ಹೊಲದಲ್ಲಿ ಆ ಗಡಿ ಹುಣಸೆಮರದ ಬಳಿ ಇತ್ತು.

ಗಡಿ ದಾಟಿದರೂ ನೀರು ಹಾಳೆಯಾಗಿಯೇ ಹರಿದು ಇಡೀ ಹೊಲವನ್ನು ಸಮನಾಗಿ ಸವೆಸಬಹುದಿತ್ತಲ್ಲ? ಹಾಗೆ ಆಗದಿರಲು ಕಾರಣ ತಗ್ಗು. ನೆಲ ಎಲ್ಲೂ ಪೂರ್ತಿ ಸಮ ಇರುವುದಿಲ್ಲ. ಎತ್ತಿನ ಗೊರಸು ಊರಿದ ಕಡೆ, ನೇಗಿಲ ಸಾಲು ಮುರಿದ ಕಡೆ, ಗೆದ್ದಲು ಒಳಗಿನಿಂದ ಟೊಳ್ಳು ಮಾಡಿದ ಕಡೆ ಬೆರಳಗಲದಷ್ಟು ತಗ್ಗಿದ್ದರೂ ಸಾಕು, ಅಲ್ಲಿ ನೀರು ಪಕ್ಕಕ್ಕಿಂತ ತುಸು ಆಳ. ಆಳ ಇದ್ದಲ್ಲಿ ಎಳೆತ ಹೆಚ್ಚು, ಎಳೆತ ಹೆಚ್ಚಿದಲ್ಲಿ ಮಣ್ಣು ಏಳುತ್ತದೆ, ತಗ್ಗು ಇನ್ನೂ ತಗ್ಗಾಗುತ್ತದೆ, ಅಕ್ಕಪಕ್ಕದ ನೀರೂ ಅಲ್ಲಿಗೇ ತಿರುಗುತ್ತದೆ. ಪಕ್ಕದಲ್ಲಿದ್ದ ಇನ್ನೊಂದು ತಗ್ಗು ತನ್ನ ನೀರನ್ನು ಕಳೆದುಕೊಂಡು ಅಲ್ಲಿಗೇ ನಿಂತುಹೋಗುತ್ತದೆ. ಹೀಗೆ ನೂರು ಗೀರುಗಳಲ್ಲಿ ತೊಂಬತ್ತು ಸತ್ತು ಹತ್ತು ಉಳಿಯುತ್ತವೆ, ಹತ್ತರಲ್ಲಿ ಒಂದು ಹಳ್ಳವಾಗುತ್ತದೆ.

ಇದಕ್ಕೆ ಎದುರಾಗಿ ಕೆಲಸ ಮಾಡುವವೂ ಇವೆ. ಮಳೆಹನಿ ಮಣ್ಣನ್ನು ಸಿಡಿಸಿ ಸಣ್ಣ ಗೀರುಗಳನ್ನು ಮುಚ್ಚುತ್ತದೆ. ಎರೆಹುಳು, ಇರುವೆ, ಬೇರು, ನೇಗಿಲು ಎಲ್ಲವೂ ನೆಲವನ್ನು ನುಣುಪು ಮಾಡುತ್ತಲೇ ಇರುತ್ತವೆ. ದಿಣ್ಣೆಗಳ ನೆತ್ತಿ ಬೋಗುಣಿ ಕವುಚಿದಂತೆ ದುಂಡಗಿರುವುದಕ್ಕೆ ಈ ನುಣುಪು ಮಾಡುವ ಕೆಲಸವೇ ಕಾರಣ ಎಂದು ಜಿ.ಕೆ. ಗಿಲ್ಬರ್ಟ್ 1909ರಲ್ಲೇ ಬರೆದರು. ಕೊರೆಯುವುದಕ್ಕೂ ಮುಚ್ಚುವುದಕ್ಕೂ ನಡೆಯುವ ಈ ಜಗ್ಗಾಟವೇ ಒಂದು ಹಳ್ಳಕ್ಕೂ ಮುಂದಿನ ಹಳ್ಳಕ್ಕೂ ನಡುವಿನ ಅಂತರವನ್ನು ನಿರ್ಧರಿಸುತ್ತದೆ ಎಂದು 2009ರಲ್ಲಿ ಟೇಲರ್ ಪೆರಾನ್ ಮತ್ತು ಸಂಗಡಿಗರು ಲೆಕ್ಕ ಸಮೇತ ತೋರಿಸಿದರು. ಮಾಂಟ್‌ಗೊಮರಿ, ಡೀಟ್ರಿಚ್ ಬೆಟ್ಟ ಹತ್ತಿ ಅಳೆದು ಕಂಡದ್ದು ಇನ್ನೊಂದು: ನೆಲ ಹೆಚ್ಚು ಓರೆಯಾದಷ್ಟೂ ಹಳ್ಳ ಹುಟ್ಟಲು ಬೇಕಾದ ಮೇಲ್ನೆಲ ಕಡಿಮೆ. ಕಡಿದಾದ ಬೆಟ್ಟದಲ್ಲಿ ನೆತ್ತಿಯ ಹತ್ತಿರವೇ ಹಳ್ಳ ಹುಟ್ಟುತ್ತದೆ, ನಮ್ಮ ಗುಬ್ಬಿ ಕಡೆಯ ಸಾವಧಾನದ ಇಳಿಜಾರಿನಲ್ಲಿ ಬಹಳ ಕೆಳಗೆ.

ಕೊರಕಲು ಮೇಲಕ್ಕೆ ಹತ್ತುವುದರ ಕಾರಣವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಕೊರಕಲಿನ ನೆತ್ತಿ ಒಂದು ಪುಟ್ಟ ಜಲಪಾತ. ಧುಮುಕಿದ ನೀರು ಬುಡವನ್ನು ತೋಡುತ್ತದೆ, ಆಸರೆ ತಪ್ಪಿದ ಮೇಲಿನ ಅಂಚು ಹೆಂಟೆ ಹೆಂಟೆಯಾಗಿ ಕುಸಿಯುತ್ತದೆ, ಜಲಪಾತ ಒಂದು ಮೊಳ ಹಿಂದಕ್ಕೆ ಸರಿಯುತ್ತದೆ. ಶಿವನಸಮುದ್ರದ ದೊಡ್ಡ ಜಲಪಾತಕ್ಕೂ ನಮ್ಮ ಹೊಲದ ಮೊಳದೆತ್ತರದ ಅಂಚಿಗೂ ಕಲ್ಲಿನ ಗಟ್ಟಿತನದಲ್ಲಿ, ಕಾಲದ ಅಳತೆಯಲ್ಲಿ ಅಜಗಜಾಂತರ ಇರಬಹುದು. ಹಿಂದೆ ಸರಿಯುವ ಗುಣ ಎರಡಕ್ಕೂ ಒಂದೇ.

ಈಗ ತುಮಕೂರಿನಿಂದ ಕಾಣುವ ದೇವರಾಯನದುರ್ಗಕ್ಕೆ ಬನ್ನಿ. ರಾಮನಗರದ ಹಳೆಯ ಹೆಸರಾದ ಕ್ಲೋಸ್‌ಪೇಟೆಯ ಹೆಸರು ಹೊತ್ತ ಗ್ರಾನೈಟ್ ಪಟ್ಟಿಯಲ್ಲಿ ಈ ಬೆಟ್ಟ ಇದೆ. ಸುಮಾರು 250 ಕೋಟಿ ವರ್ಷಗಳ ಹಿಂದೆ ಭೂಮಿಯ ಆಳದಲ್ಲಿ ಕರಗಿ ಗಟ್ಟಿಯಾದ ಕಲ್ಲು ಇದು. ಈ ಬೆಟ್ಟದಲ್ಲಿ ಜಯಮಂಗಲಿ ಹುಟ್ಟಿ ಉತ್ತರಕ್ಕೆ ಹರಿದು ಉತ್ತರ ಪಿನಾಕಿನಿಯನ್ನು ಸೇರುತ್ತದೆ. ಇದೇ ಬೆಟ್ಟದ ಇನ್ನೊಂದು ಮೈಯಲ್ಲಿ ಶಿಂಷೆ ಹುಟ್ಟಿ ದಕ್ಷಿಣಕ್ಕೆ ಹರಿದು ಕಾವೇರಿಯನ್ನು ಸೇರುತ್ತದೆ. ಬೆಟ್ಟದ ಏಣಿನ ಮೇಲೆ ಒಂದು ಗೇಣು ಅಂತರದಲ್ಲಿ ಬಿದ್ದ ಎರಡು ಹನಿಗಳಲ್ಲಿ ಒಂದು ನೆಲ್ಲೂರಿನ ದಾರಿ ಹಿಡಿಯಬಹುದು, ಇನ್ನೊಂದು ತಮಿಳುನಾಡಿನ ಪೂಂಪುಹಾರಿನ ದಾರಿ ಹಿಡಿಯಬಹುದು. ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆದೊಯ್ದಾಗಲೆಲ್ಲ ಆ ಏಣಿನ ಮೇಲೆ ಅವರನ್ನು ಸುಮ್ಮನೆ ನಿಲ್ಲಿಸುತ್ತೇನೆ. ನೀರಿನ ಹಾದಿಯ ಕುರಿತು ಅಲ್ಲಿ ನಿಂತು ತಿಳಿಯುವಷ್ಟು ಯಾವ ಪುಸ್ತಕದಲ್ಲೂ ತಿಳಿಯುವುದಿಲ್ಲ.

ಗ್ರಾನೈಟಿನಂಥ ಕಲ್ಲನ್ನು ನೀರು ಕೊರೆಯುವುದಾದರೂ ಹೇಗೆ? ಬರಿಯ ನೀರು ಕೊರೆಯುವುದು ಬಹಳ ಕಡಿಮೆ. ಮೊದಲು ಬಿಸಿಲು, ತೇವ, ಬೇರು ಸೇರಿ ಕಲ್ಲಿನ ಬಿರುಕುಗಳನ್ನು ಕೊಳೆಸುತ್ತವೆ. ಹೊಳೆ ಆ ಬಿರುಕಿನ ಗೆರೆಯನ್ನೇ ಹಿಡಿದು ಹೋಗುತ್ತದೆ. ಆಮೇಲೆ ಮರಳು, ಗುಂಡುಕಲ್ಲುಗಳನ್ನು ಉಳಿ ಸುತ್ತಿಗೆಗಳಂತೆ ಹಿಡಿದು ತಳವನ್ನು ಬಡಿಯುತ್ತದೆ. ಲಿಯೊನಾರ್ಡ್ ಸ್ಕ್ಲಾರ್ ಮತ್ತು ಡೀಟ್ರಿಚ್ ಪ್ರಯೋಗಶಾಲೆಯಲ್ಲಿ ಇದನ್ನು ಪರೀಕ್ಷಿಸಿದಾಗ ಒಂದು ವಿಷಯ ಸ್ಪಷ್ಟವಾಯಿತು: ಗುಂಡುಕಲ್ಲು ತೀರ ಕಡಿಮೆಯಾದರೆ ಹೊಳೆಗೆ ಹತಾರ ಇಲ್ಲ, ತೀರ ಹೆಚ್ಚಾದರೆ ಅವೇ ತಳವನ್ನು ಹೊದ್ದು ಕಾಪಾಡುತ್ತವೆ. ಹದವಾಗಿದ್ದಾಗ ಮಾತ್ರ ಹೊಳೆ ಕಲ್ಲನ್ನು ತಿನ್ನುತ್ತದೆ. ಮೇಕೆದಾಟಿಗೆ ಹೋದವರು ಬಂಡೆಯಲ್ಲಿ ಒರಳಿನಂಥ ಗುಂಡಿಗಳನ್ನು ಕಂಡಿರುತ್ತೀರಿ. ಸುಳಿಗೆ ಸಿಕ್ಕ ಗುಂಡುಕಲ್ಲು ಕಾಲಾಂತರ ಅಲ್ಲೇ ಸುತ್ತಿ ಸುತ್ತಿ ತೋಡಿದ ಗುಂಡಿಗಳು ಅವು. ಶಿಂಷೆಯ ನೀರೂ ಅಲ್ಲಿ ಹಾದುಹೋಗುತ್ತದೆ.

ನೆಲದ ಮೇಲೆ ಹರಿಯುವ ನೀರೊಂದೇ ಹಳ್ಳ ಮಾಡುವುದಿಲ್ಲ, ನೆಲದೊಳಗಿಂದ ಜಿನುಗುವ ನೀರೂ ಮಾಡುತ್ತದೆ. ದೇವರಾಯನದುರ್ಗದ ತಪ್ಪಲಿನ ನಾಮದ ಚಿಲುಮೆಯನ್ನು ನೀವೆಲ್ಲ ನೋಡಿದ್ದೀರಿ. ರಾಮ ಹಣೆಗೆ ನಾಮ ಹಚ್ಚಲು ನೀರಿಲ್ಲದೆ ಬಾಣ ಹೂಡಿದ, ಬಂಡೆಯಿಂದ ನೀರು ಚಿಮ್ಮಿತು ಎಂಬುದು ಕಥೆ. ಬೆಟ್ಟ ಕುಡಿದ ಮಳೆ ಬಿರುಕುಗಳಲ್ಲಿ ಇಳಿದು, ಇಳಿಯಲು ಜಾಗ ಸಿಗದ ಕಡೆ ಹೊರಗೆ ಬರುವುದು ನೆಲದ ನಡೆ. ಮಧುಗಿರಿ, ಕೊರಟಗೆರೆ, ಪಾವಗಡದ ಕಡೆಯವರಿಗೆ ತಲಪರಿಗೆ ಗೊತ್ತು; ಮರಳು ನೆಲದಲ್ಲಿ ಸ್ವಲ್ಪ ತೋಡಿದರೆ ನೀರು ತಾನಾಗಿ ಉಕ್ಕುವ ಜಾಗ. ಹಿರಿಯರು ಅದರಿಂದ ಕಾಲುವೆ ತೆಗೆದು, ಸರದಿ ಹಾಕಿಕೊಂಡು ಗದ್ದೆ ಬೆಳೆದರು. ಹೀಗೆ ಜಿನುಗುವ ನೀರು ಮಣ್ಣಿನ ಕಣಗಳನ್ನು ಒಂದೊಂದಾಗಿ ಹೊರಗೆ ತಂದರೆ ಮೇಲಿನ ನೆಲ ಕುಸಿದು ಕೊಳ್ಳ ಹಿಂದಕ್ಕೆ ಬೆಳೆಯುತ್ತದೆ. ಅಂಥ ಕೊಳ್ಳದ ನೆತ್ತಿ ಚೂಪಾಗಿರುವುದಿಲ್ಲ, ಕುದುರೆ ಲಾಳದಂತೆ ಅಗಲವಾಗಿರುತ್ತದೆ ಎಂದು ಬಹಳ ಕಾಲ ಪಾಠ ಹೇಳುತ್ತಿದ್ದೆವು. ನಾನೂ ಹೇಳಿದ್ದೇನೆ. ಆ ಪಾಠವನ್ನು ತಿದ್ದಿಕೊಳ್ಳಬೇಕಾಗಿ ಬಂದದ್ದನ್ನು ಮುಂದೆ ಹೇಳುತ್ತೇನೆ.

ಶಿಂಷೆಯ ಲೆಕ್ಕ ಒಂದಿಷ್ಟು ನೋಡೋಣ. ಹುಟ್ಟುವುದು ಸಮುದ್ರಮಟ್ಟದಿಂದ 914 ಮೀಟರ್ ಎತ್ತರದಲ್ಲಿ. ಒಟ್ಟು ಉದ್ದ 221 ಕಿಲೋಮೀಟರ್. ಗುಬ್ಬಿ ತಾಲ್ಲೂಕಿನಲ್ಲಿ ಕಡಬದ ಕೆರೆಯನ್ನು ತುಂಬಿ, ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಅಣೆಕಟ್ಟಿಗೆ ಬರುತ್ತದೆ. ಅಲ್ಲಿ ಪೂರ್ಣ ತುಂಬಿದ ನೀರಿನ ಮಟ್ಟ 731 ಮೀಟರ್ ಚಿಲ್ಲರೆ. ಅಂದರೆ ಬೆಟ್ಟದಿಂದ ಅಲ್ಲಿಗೆ 180 ಮೀಟರಿಗೆ ಸ್ವಲ್ಪ ಹೆಚ್ಚು ಇಳಿದಂತಾಯಿತು. ಈ ಇಳಿತದ ದೊಡ್ಡ ಪಾಲು ಮೊದಲ ಕೆಲವು ಕಿಲೋಮೀಟರುಗಳಲ್ಲೇ ಮುಗಿಯುತ್ತದೆ. ಆಮೇಲೆ ಶಿಂಷೆ ಸಾವಕಾಶದ ಹೊಳೆ. ಹಳ್ಳಗಳು ಕೂಡಿದಂತೆ ನೀರು ಹೆಚ್ಚುತ್ತದೆ, ನೀರು ಹೆಚ್ಚಿದಂತೆ ಅದೇ ಮರಳನ್ನು ಸಾಗಿಸಲು ಕಡಿಮೆ ಓರೆ ಸಾಕಾಗುತ್ತದೆ. ಹೊಳೆಯ ಉದ್ದಕ್ಕೂ ನೆಲದ ಎತ್ತರವನ್ನು ಗೆರೆ ಎಳೆದು ನೋಡಿದರೆ ಮೇಲೆ ಕಡಿದು, ಕೆಳಗೆ ಚಪ್ಪಟೆಯಾಗಿ, ಜೋತುಬಿದ್ದ ಹಗ್ಗದಂತೆ ಕಾಣುವುದು ಇದಕ್ಕೇ. ಮದ್ದೂರು ದಾಟಿ ಮಳವಳ್ಳಿ ತಾಲ್ಲೂಕಿನಲ್ಲಿ ಜಲಪಾತವಾಗಿ ಧುಮುಕಿ ಕಾವೇರಿ ಸೇರುವ ಕಡೆ ಮಾತ್ರ ಹಗ್ಗ ಮತ್ತೆ ಕಡಿದಾಗುತ್ತದೆ.

ಗುಂಡುಕಲ್ಲು ಯಾವಾಗ ಹೊರಳುತ್ತದೆ ಎಂಬುದಕ್ಕೆ 1936ರಲ್ಲಿ ಬರ್ಲಿನ್ನಿನಲ್ಲಿ ಆಲ್ಬರ್ಟ್ ಶೀಲ್ಡ್ಸ್ ಎಂಬ ಎಂಜಿನಿಯರ್ ಅಳತೆ ಕೊಟ್ಟರು. ಕಿಲೋಮೀಟರಿಗೆ ಎರಡೂವರೆ ಮೀಟರ್ ಇಳಿಯುವ ಹೊಳೆಯಲ್ಲಿ 2 ಸೆಂಟಿಮೀಟರಿನ ಗುಂಡುಕಲ್ಲು ಹೊರಳಬೇಕಾದರೆ ನೀರು ಸುಮಾರು 60 ಸೆಂಟಿಮೀಟರ್, ಅಂದರೆ ಮೊಣಕಾಲಿಗಿಂತ ಮೇಲೆ ಇರಬೇಕು. ಈ ಲೆಕ್ಕದಲ್ಲಿ ಒಂದು ಚೋದ್ಯ ಇದೆ, ವಿದ್ಯಾರ್ಥಿಗಳು ಬರೆದುಕೊಳ್ಳಿ. ನೀರನ್ನು ಕೆಳಕ್ಕೆ ಎಳೆಯುವುದು ಗುರುತ್ವ, ಕಲ್ಲನ್ನು ತಳಕ್ಕೆ ಒತ್ತಿ ಹಿಡಿಯುವುದೂ ಗುರುತ್ವ. ಎರಡನ್ನೂ ಭಾಗಿಸಿದರೆ ಗುರುತ್ವ ಎರಡೂ ಕಡೆ ಹೊಡೆದುಹೋಗುತ್ತದೆ. ಮಂಗಳದ ಗುರುತ್ವ ನಮ್ಮದರ ನೂರಕ್ಕೆ 38ರಷ್ಟು ಮಾತ್ರ. ಆದರೂ ಶಿಂಷೆಯ ಗುಂಡುಕಲ್ಲನ್ನು ಒಯ್ದು ಅಲ್ಲಿ ಅಷ್ಟೇ ಓರೆಯ ಹೊಳೆಯಲ್ಲಿ ಇಟ್ಟರೆ, ಅದು ಹೊರಳಲು ಬೇಕಾಗುವುದು ಹೆಚ್ಚುಕಡಿಮೆ ಅದೇ 60 ಸೆಂಟಿಮೀಟರ್ ನೀರು. ನೀರು ನಿಧಾನವಾಗಿ ಹರಿಯುತ್ತದೆ, ಕಲ್ಲು ಮಾತ್ರ ಅದೇ ಆಳಕ್ಕೆ ಏಳುತ್ತದೆ. ಗುಬ್ಬಿಯ ಹೊಲದಲ್ಲಿ ಕಲಿತದ್ದು ಮಂಗಳದಲ್ಲೂ ನಡೆಯುತ್ತದೆ ಎಂದು ನಾನು ಧೈರ್ಯವಾಗಿ ಹೇಳುವುದು ಇದರ ಬಲದ ಮೇಲೆ.

1877ರಲ್ಲಿ ಇಟಲಿಯ ಜೊವಾನಿ ಸ್ಕಿಯಾಪರೆಲ್ಲಿ ದೂರದರ್ಶಕದಲ್ಲಿ ಮಂಗಳವನ್ನು ನೋಡಿ, ಅಲ್ಲಿ ಕಂಡ ಗೆರೆಗಳಿಗೆ ‘ಕನಾಲಿ’ ಎಂದು ಹೆಸರಿಟ್ಟರು. ಇಟಾಲಿಯನ್ನಿನಲ್ಲಿ ಆ ಪದ ತಾನಾಗಿ ಆದ ಜಾಡಿಗೂ ಸಲ್ಲುತ್ತದೆ, ತೋಡಿದ ಕಾಲುವೆಗೂ ಸಲ್ಲುತ್ತದೆ. ಇಂಗ್ಲಿಷಿಗೆ ಹೋಗುವಾಗ ಅದು ತೋಡಿದ ಕಾಲುವೆಯಾಯಿತು. ತೋಡಿದ ಕಾಲುವೆ ಇದ್ದರೆ ತೋಡಿದವರೂ ಇರಬೇಕಲ್ಲ? ಅಮೆರಿಕದ ಪರ್ಸಿವಲ್ ಲೊವೆಲ್ 1894ರಲ್ಲಿ ಫ್ಲಾಗ್‌ಸ್ಟಾಫಿನಲ್ಲಿ ವೀಕ್ಷಣಾಲಯವನ್ನೇ ಕಟ್ಟಿ, ಒಣಗುತ್ತಿರುವ ಗ್ರಹದ ಜನ ಧ್ರುವದ ಮಂಜಿನ ನೀರನ್ನು ಕಾಲುವೆಯಲ್ಲಿ ಹರಿಸಿಕೊಳ್ಳುತ್ತಿದ್ದಾರೆ ಎಂದು ಪುಸ್ತಕದ ಮೇಲೆ ಪುಸ್ತಕ ಬರೆದರು. ಕನ್ನಡದವರಿಗೆ ಈ ಗೊಂದಲ ಆಗುತ್ತಿರಲಿಲ್ಲ ಎಂದು ನನಗೆ ಅನ್ನಿಸುತ್ತದೆ. ಕಾಲುವೆಯನ್ನು ತೋಡುತ್ತಾರೆ, ಹಳ್ಳ ಆಗುತ್ತದೆ. ಕೆರೆಯ ನೀರಿನ ಮೇಲೆ ಬದುಕು ಕಟ್ಟಿದ ಸೀಮೆಯ ಭಾಷೆ ಈ ಎರಡನ್ನು ಕಲಸುವುದಿಲ್ಲ.

1965ರಲ್ಲಿ ಮ್ಯಾರಿನರ್ 4 ನೌಕೆ ಕಳಿಸಿದ ಚಿತ್ರಗಳಲ್ಲಿ ಕಾಲುವೆಯೂ ಇರಲಿಲ್ಲ, ಹಳ್ಳವೂ ಇರಲಿಲ್ಲ, ಬರಿಯ ಕುಳಿಗಳಿದ್ದವು. ಮಂಗಳ ಸತ್ತ ಗ್ರಹ ಎಂದು ಅನೇಕರು ಕೈಬಿಟ್ಟರು. 1971ರ ನವೆಂಬರಿನಲ್ಲಿ ಮ್ಯಾರಿನರ್ 9 ಹೋಗಿ ಸೇರಿದಾಗ ಇಡೀ ಗ್ರಹ ಧೂಳಿನ ಬಿರುಗಾಳಿಯಲ್ಲಿ ಮುಚ್ಚಿಹೋಗಿತ್ತು. ಧೂಳು ಇಳಿದ ಮೇಲೆ ಕಂಡದ್ದು ಕವಲೊಡೆದ ಕಣಿವೆಗಳು, ದಂಡೆಗಳು, ನಡುಗಡ್ಡೆಗಳು. ತೋಡಿದ ಕಾಲುವೆ ಒಂದೂ ಇರಲಿಲ್ಲ, ಹಳ್ಳಗಳು ಬೇಕಾದಷ್ಟಿದ್ದವು.

ಮಂಗಳದ ಜಾಡುಗಳು ಎಲ್ಲವೂ ಒಂದೇ ಜಾತಿಯವಲ್ಲ. ಕೆಲವು ನೂರಾರು ಕಿಲೋಮೀಟರ್ ಉದ್ದ, ಹತ್ತಾರು ಕಿಲೋಮೀಟರ್ ಅಗಲ, ಉಪನದಿಯೇ ಇಲ್ಲ. ಒಂದು ಕುಸಿದ ಗುಂಡಿಯಿಂದ ಇದ್ದಕ್ಕಿದ್ದಂತೆ ಶುರುವಾಗುತ್ತವೆ. ಅವು ಮಳೆಯ ಹೊಳೆಗಳಲ್ಲ, ನೆಲದೊಳಗಿನಿಂದ ಒಮ್ಮೆಗೇ ಒಡೆದು ಬಂದ ಮಹಾಪ್ರವಾಹದ ಜಾಡುಗಳು. ಇದನ್ನು ಗುರುತಿಸಲು ನೆರವಾದದ್ದು ಭೂಮಿಯ ಒಂದು ಉದಾಹರಣೆ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಒಣ ಕಣಿವೆಗಳು ಒಂದು ಮಹಾಪ್ರವಾಹದಿಂದ ಆದವು ಎಂದು ಜೆ. ಹಾರ್ಲನ್ ಬ್ರೆಟ್ಜ್ 1923ರಲ್ಲಿ ಬರೆದಾಗ ಭೂವಿಜ್ಞಾನಿಗಳು ಅವರನ್ನು ಒಪ್ಪಲಿಲ್ಲ. ಹಿಮನದಿ ಅಡ್ಡಗಟ್ಟಿದ್ದ ದೊಡ್ಡ ಸರೋವರ ಒಡೆದು ಹೋದದ್ದಕ್ಕೆ ಜೋಸೆಫ್ ಪಾರ್ಡಿ ಆಧಾರ ಒದಗಿಸಿದ ಮೇಲೆ ನಿಧಾನವಾಗಿ ಒಪ್ಪಿದರು. 1979ರಲ್ಲಿ ಬ್ರೆಟ್ಜ್‌ಗೆ ಪೆನ್‌ರೋಸ್ ಪದಕ ಬಂದಾಗ ಅವರಿಗೆ 96 ವರ್ಷ. ಕೆರೆ ಏರಿ ಒಡೆದ ರಾತ್ರಿಯ ಮರುದಿನ ಕೆಳಗಿನ ಗದ್ದೆಗಳನ್ನು ನೋಡಿದ ನಮ್ಮ ಯಾವ ರೈತನಿಗೂ ಬ್ರೆಟ್ಜ್ ಹೇಳಿದ್ದು ಅರ್ಥವಾಗುತ್ತಿತ್ತು.

ಇನ್ನೊಂದು ಜಾತಿ ನಮ್ಮ ಶಿಂಷೆಯಂತೆ ಕವಲು ಕವಲಾಗಿ ಹರಡಿಕೊಂಡವು. ಇವು ಮಳೆಯಿಂದ ಆದವೋ, ಜಿನುಗಿನಿಂದ ಆದವೋ ಎಂಬ ವಾದ ದಶಕಗಳ ಕಾಲ ನಡೆಯಿತು. ಮಂಗಳದ ಕೆಲವು ಕೊಳ್ಳಗಳ ನೆತ್ತಿ ಲಾಳದಂತೆ ಅಗಲವಾಗಿದ್ದುದರಿಂದ ಜಿನುಗು ಎಂದೇ ಬಹಳ ಮಂದಿ ನಂಬಿದರು. 2008ರಲ್ಲಿ ಮೈಕೆಲ್ ಲ್ಯಾಂಬ್ ಮತ್ತು ಸಂಗಡಿಗರು ಅಮೆರಿಕದ ಐಡಹೊದಲ್ಲಿ ಅಂಥದ್ದೇ ಲಾಳದ ನೆತ್ತಿಯ ಬಾಕ್ಸ್ ಕ್ಯಾನಿಯನ್ ಎಂಬ ಕೊಳ್ಳವನ್ನು ಶೋಧಿಸಿದರು. ಅದರ ಬುಡದಲ್ಲಿ ಇವತ್ತಿಗೂ ದೊಡ್ಡ ಚಿಲುಮೆ ಇದೆ. ಆದರೂ ಕೊಳ್ಳವನ್ನು ಕೊರೆದದ್ದು ಚಿಲುಮೆ ಅಲ್ಲ, ಹಿಂದೊಮ್ಮೆ ಮೇಲಿಂದ ಧುಮುಕಿದ ಪ್ರವಾಹ ಎಂದು ಅವರು ತೋರಿಸಿದರು. ಆಕಾರವೊಂದನ್ನೇ ನೋಡಿ ತೀರ್ಪು ಕೊಡಬಾರದು ಎಂಬುದನ್ನು ನಾನು ಕಲಿತದ್ದು ಆಗ. ನನ್ನ ಹಳೆಯ ಟಿಪ್ಪಣಿಗಳನ್ನು ತಿದ್ದಿದ್ದೂ ಆಗಲೇ.

ಹಾಗಾದರೆ ಯಾವುದನ್ನು ನೋಡಬೇಕು? ಕವಲು ಕೂಡುವ ಕೋನವನ್ನು ನೋಡಿ ಎಂದರು ಹಾನ್ಸ್‌ಯೋರ್ಗ್ ಸೈಬೊಲ್ಡ್ ಮತ್ತು ಸಂಗಡಿಗರು. ಅಮೆರಿಕದ ಹಳ್ಳಗಳನ್ನೆಲ್ಲ ಅಳೆದಾಗ, ಒಣ ಸೀಮೆಗಳಲ್ಲಿ ನೆಲದ ಮೇಲಿನ ಹರಿವಿನಿಂದ ಆದ ಹಳ್ಳಗಳು ಸುಮಾರು 45 ಡಿಗ್ರಿಯ ಇಕ್ಕಟ್ಟು ಕೋನದಲ್ಲಿ ಕೂಡುತ್ತವೆ, ತೇವದ ಸೀಮೆಗಳಲ್ಲಿ ಅಂತರ್ಜಲ ಕೈಹಾಕಿದ ಕಡೆ ಸುಮಾರು 72 ಡಿಗ್ರಿಯಲ್ಲಿ ಎಂದು ಕಂಡುಬಂತು. ಅದೇ ಅಳತೆಗೋಲನ್ನು ಅವರು 2018ರಲ್ಲಿ ಮಂಗಳಕ್ಕೆ ಹಿಡಿದರು. ಸಿಕ್ಕದ್ದು ಇಕ್ಕಟ್ಟಿನ ಕೋನ, ಭೂಮಿಯ ಒಣ ಸೀಮೆಗಳಂತೆ. ಅಂದರೆ ಒಂದು ಕಾಲಕ್ಕೆ ಅಲ್ಲೂ ಆಗೊಮ್ಮೆ ಈಗೊಮ್ಮೆ ಬಿರುಸಾಗಿ ಮಳೆ ಸುರಿದು ನೆಲದ ಮೇಲೆ ಹರಿದಿರಬೇಕು. ನನ್ನ ಮಟ್ಟಿಗೆ ಈ ವಾದ ಬಲವಾದದ್ದು, ಏಕೆಂದರೆ ಸಾವಿರಾರು ಕೂಡಲುಗಳನ್ನು ಒಟ್ಟಿಗೆ ಅಳೆದು ಮಾಡಿದ ತೀರ್ಮಾನ ಇದು.

ಕ್ಯೂರಿಯಾಸಿಟಿ ಬಂಡಿ 2012ರಲ್ಲಿ ಗೇಲ್ ಕುಳಿಯಲ್ಲಿ ಇಳಿದ ಕೆಲವೇ ವಾರಗಳಲ್ಲಿ ಅಂಚು ಸವೆದು ದುಂಡಾದ ಗುಂಡುಕಲ್ಲುಗಳು ಅಂಟಿಕೊಂಡ ಪದರವನ್ನು ಕಂಡಿತು. ಗಾಳಿ ಅಷ್ಟು ದೊಡ್ಡ ಕಲ್ಲನ್ನು ಹೊರಲಾರದು. ಪಾದದಿಂದ ಸೊಂಟದವರೆಗಿನ ಆಳದ ನೀರು ಅವನ್ನು ಉರುಳಿಸಿತ್ತು ಎಂದು ಲೆಕ್ಕ ಹಾಕಿದರು. ನಾನು ಮೇಲೆ ಹೇಳಿದ ಲೆಕ್ಕದ ಜಾತಿಯದೇ ಅದು. 2021ರ ಫೆಬ್ರುವರಿಯಲ್ಲಿ ಪರ್ಸಿವಿಯರೆನ್ಸ್ ಬಂಡಿ ಇಳಿದದ್ದು ಒಂದು ಹೊಳೆ ಕೆರೆಗೆ ಬಿದ್ದು ಗೋಡು ಹರಡಿದ ಜಾಗದ ಪಕ್ಕದಲ್ಲೇ. ಕೆರೆಯ ಮೇಲಂಗಳದಲ್ಲಿ ಹಳ್ಳ ಬಂದು ಸೇರುವ ಕಡೆ ಗೋಡು ಬೀಸಣಿಗೆಯಂತೆ ಹರಡುವುದನ್ನು ನೋಡಿದ್ದೀರಲ್ಲ, ಅದೇ ರೂಪ.

ಮಂಗಳದ ಈ ಕಣಿವೆಗಳಿಗೆ ವಯಸ್ಸು 350 ಕೋಟಿ ವರ್ಷಗಳ ಆಚೆ. ದೇವರಾಯನದುರ್ಗದ ಕಲ್ಲಿಗೆ 250 ಕೋಟಿ ಎಂದೆನಲ್ಲವೇ? ಅಂದರೆ ನಮ್ಮ ಈ ಬೆಟ್ಟ ಇನ್ನೂ ಕಲ್ಲಾಗಿ ಗಟ್ಟಿಯಾಗುವ ಮುಂಚೆಯೇ ಮಂಗಳದ ಹೊಳೆಗಳು ಹರಿದು ಬತ್ತಿದ್ದವು. ಅಂದಿನ ಭೂಮಿಯ ಹೊಳೆಗಳ ಜಾಡು ಇವತ್ತು ಎಲ್ಲೂ ಉಳಿದಿಲ್ಲ. ಇಲ್ಲಿ ನೀರು ಕೊರೆದದ್ದನ್ನು ನೀರೇ ಅಳಿಸುತ್ತಾ ಬಂದಿದೆ. ಅಲ್ಲಿ ಅಳಿಸಲು ನೀರಿಲ್ಲದ್ದರಿಂದ ಜಾಡು ಉಳಿಯಿತು. ಅದನ್ನು ನೋಡಲು ನಮ್ಮವರೂ ಹೋದರು. 2013ರ ನವೆಂಬರ್ 5ರಂದು ಹೊರಟ ಮಂಗಳಯಾನ 2014ರ ಸೆಪ್ಟೆಂಬರ್ 24ರಂದು ಮಂಗಳದ ಕಕ್ಷೆ ಸೇರಿತು. ಅದರ ಮಾತು ಕೇಳಿಸಿಕೊಂಡ ದೊಡ್ಡ ಆಂಟೆನಾ ಇರುವುದು ಬೆಂಗಳೂರಿನ ಹೊರವಲಯದ ಬ್ಯಾಲಾಳುವಿನಲ್ಲಿ. ಅದು ಕಳಿಸಿದ ಬಣ್ಣದ ಚಿತ್ರಗಳಲ್ಲಿ ಸುಮಾರು 4,000 ಕಿಲೋಮೀಟರ್ ಉದ್ದದ ವ್ಯಾಲೆಸ್ ಮ್ಯಾರಿನೆರಿಸ್ ಕಮರಿಯೂ ಇದೆ. ಅಷ್ಟು ದೊಡ್ಡ ಕಮರಿಯನ್ನು ಹೊಳೆ ಕೊರೆದಿರಬೇಕು ಎಂದು ವಿದ್ಯಾರ್ಥಿಗಳು ಹೇಳುತ್ತಾರೆ. ಇಲ್ಲ, ಅದು ಮುಖ್ಯವಾಗಿ ಗ್ರಹದ ಹೊರಚಿಪ್ಪು ಸೀಳಿ ಕುಸಿದು ಆದದ್ದು.

ಶುಕ್ರ, ಚಂದ್ರರನ್ನು ಬೇಗ ಮುಗಿಸುತ್ತೇನೆ. ನಮಗೆ ತಿಳಿದಿರುವ ಅತಿ ಉದ್ದದ ಜಾಡು ಭೂಮಿಯಲ್ಲಿಲ್ಲ. ಶುಕ್ರದ ಬಾಲ್ಟಿಸ್ ಕಣಿವೆ ಸುಮಾರು 6,800 ಕಿಲೋಮೀಟರ್ ಉದ್ದ. ಮೆಜೆಲನ್ ನೌಕೆ 1990ರ ದಶಕದಲ್ಲಿ ರೇಡಾರಿನಿಂದ ಕಂಡದ್ದು. ನೆಲ 460 ಡಿಗ್ರಿ ಸೆಲ್ಸಿಯಸ್ ಕಾದಿರುವ ಆ ಗ್ರಹದಲ್ಲಿ ನೀರಿನ ಮಾತೇ ಇಲ್ಲ. ಹರಿದದ್ದು ಕರಗಿದ ಕಲ್ಲು. ಚಂದ್ರನ ಮೇಲೆ 1971ರಲ್ಲಿ ಅಪೊಲೊ 15ರ ಡೇವಿಡ್ ಸ್ಕಾಟ್ ಮತ್ತು ಜೇಮ್ಸ್ ಇರ್ವಿನ್ ಯಾವ ಹ್ಯಾಡ್ಲಿ ಕಮರಿಯ ದಂಡೆಯಲ್ಲಿ ನಿಂತಿದ್ದರೋ ಅದೂ ಲಾವಾ ಹರಿದ ಜಾಡು. ಹಳ್ಳಕ್ಕೂ ಲಾವಾ ಜಾಡಿಗೂ ಸಾಮಾನ್ಯವಾಗಿ ಕಾಣುವ ವ್ಯತ್ಯಾಸ ಇದು: ಹಳ್ಳಕ್ಕೆ ಕವಲುಗಳು ಬಂದು ಕೂಡಿ, ಕೆಳಗೆ ಹೋದಂತೆ ಅಗಲವಾಗುತ್ತದೆ. ಲಾವಾ ಒಂದೇ ಬಾಯಿಯಿಂದ ಹೊರಟು, ದಾರಿಯಲ್ಲಿ ತಣಿದು ಇಕ್ಕಟ್ಟಾಗುತ್ತದೆ. ಶನಿಯ ಚಂದ್ರ ಟೈಟನ್ ಕಲ್ಲಿನ ಲೋಕವಲ್ಲ, ಅಲ್ಲಿನ ನೆಲ ಮಂಜುಗಡ್ಡೆ. ಆದರೂ 2005ರ ಜನವರಿ 14ರಂದು ಹೈಗೆನ್ಸ್ ಅಲ್ಲಿ ಇಳಿಯುವಾಗ ಕಂಡ ಕವಲು ಕವಲಿನ ಹಳ್ಳಗಳನ್ನು ತೋರಿಸಿ ಇದು ಪಾವಗಡ ಎಂದರೆ ನೀವು ನಂಬುತ್ತೀರಿ. ಅಲ್ಲಿ ಮಳೆಯಾಗಿ ಸುರಿಯುವುದು ದ್ರವ ಮೀಥೇನ್.

ಮತ್ತೆ ಮನೆಗೆ ಬರೋಣ. ಕುಣಿಗಲ್ ತಾಲ್ಲೂಕಿನಲ್ಲೂ ಒಂದು ಮಂಗಳ ಇದೆ, ನಾಗಿನಿ ಹೊಳೆಗೆ ಕಟ್ಟಿದ ಮಂಗಳಾ ಜಲಾಶಯ. ನಮ್ಮ ಹಿರಿಯರು ಹೊಳೆಯನ್ನು ಹರಿಯಲು ಬಿಟ್ಟವರಲ್ಲ, ಹೆಜ್ಜೆ ಹೆಜ್ಜೆಗೂ ನಿಲ್ಲಿಸಿದವರು. ಒಂದು ಕೆರೆಯ ಕೋಡಿ ಬಿದ್ದ ನೀರು ಹಳ್ಳ ಹಿಡಿದು ಮುಂದಿನ ಕೆರೆಗೆ, ಅಲ್ಲಿಂದ ಅದರ ಮುಂದಿನದಕ್ಕೆ. ಕಡಬದ ಕೆರೆಯನ್ನು ಲಂಕೆಯಿಂದ ಮರಳುವಾಗ ಸೀತೆಯ ಮಾತಿನಂತೆ ರಾಮನೇ ಕಟ್ಟಿಸಿದ ಎಂದು ಜನ ನಂಬಿದ್ದರು. ಭೂವಿಜ್ಞಾನಿಯ ಕಣ್ಣಿಗೆ ಪ್ರತಿ ಕೆರೆಯೂ ಹಳ್ಳದ ಓರೆಯನ್ನು ಮುರಿದ ಒಂದು ಮೆಟ್ಟಿಲು. ಮೆಟ್ಟಿಲಲ್ಲಿ ನೀರು ನಿಂತು ಗೋಡು ಇಳಿಸುತ್ತದೆ, ಕೊರೆಯುವ ಬಲ ಕಳೆದುಕೊಳ್ಳುತ್ತದೆ. ಅಪ್ಪ ಕೊರಕಲಿಗೆ ಅಡ್ಡ ಜೋಡಿಸಿದ ಕಲ್ಲೂ ಮಾಡಿದ್ದು ಇದನ್ನೇ.

ಗೊರೂರಿನ ಹೇಮಾವತಿ ಜಲಾಶಯದಿಂದ ಬಾಗೂರು-ನವಿಲೆ ಸುರಂಗ ದಾಟಿ ನಮ್ಮ ಜಿಲ್ಲೆಗೆ ಬರುವ ನಾಲೆ ಇದಕ್ಕಿಂತ ಬೇರೆ ಬಗೆಯದು. ನಾಲೆಯ ನೀರು ತಳವನ್ನು ಕೊರೆಯಲೂ ಬಾರದು, ಹೂಳು ಇಳಿಸಲೂ ಬಾರದು. ಆ ಹದದ ವೇಗವನ್ನು ಮೊದಲು ಅಳೆದು ಕೊಟ್ಟವರು ಪಂಜಾಬಿನ ನಾಲೆಗಳಲ್ಲಿ ಕೆಲಸ ಮಾಡುತ್ತಿದ್ದ ಆರ್.ಜಿ. ಕೆನಡಿ, 1895ರಲ್ಲಿ. ಹೊಳೆಯಾಗಲು ಹವಣಿಸುವ ನೀರನ್ನು ನಾಲೆಯಾಗಿಯೇ ಉಳಿಸುವ ವಿದ್ಯೆ ಭಾರತದ ನೆಲದಲ್ಲಿ ಬೆಳೆದದ್ದು ಎಂಬುದನ್ನು ಎಂಜಿನಿಯರಿಂಗ್ ವಿದ್ಯಾರ್ಥಿಗಳು ಹೆಮ್ಮೆಯಿಂದ ನೆನೆಯಬೇಕು.

ಮಾರ್ಕೋನಹಳ್ಳಿಯ ಹಿಂದೆ ನೀರು ಕೊಡುವ ನೆಲ 4,103 ಚದರ ಕಿಲೋಮೀಟರ್. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದ ಆ ಕಟ್ಟೆಯಲ್ಲಿ ನೀರು ಒಂದು ಮಟ್ಟ ಮುಟ್ಟಿದೊಡನೆ ತಾನಾಗಿಯೇ ಹೊರಹೋಗುವ ಸೈಫನ್ ಇದೆ. ನೋಡದವರು ಹೋಗಿ ನೋಡಿ. ಆದರೆ ಮರಳು, ಗೋಡು ಹಿಂದೆಯೇ ಉಳಿದು ಬರಿಯ ತಿಳಿನೀರು ಕೆಳಗೆ ಹೋಗುತ್ತದೆ. ಮರಳಿನ ಹೊರೆ ಇಲ್ಲದ ಇಂಥ ನೀರನ್ನು ತಜ್ಞರು ಹಸಿದ ನೀರು ಎನ್ನುತ್ತಾರೆ. ಅದು ಕೆಳಗಿನ ಪಾತ್ರದ ಮರಳನ್ನು ತಿಂದು ಹೊಟ್ಟೆ ತುಂಬಿಸಿಕೊಳ್ಳುತ್ತದೆ. ಅಲ್ಲಿ ಮನುಷ್ಯರೂ ಲಾರಿ ಇಳಿಸಿ ಮರಳೆತ್ತಿದರೆ ಹೊಳೆಯ ತಳ ಆಳಕ್ಕೆ ಹೋಗುತ್ತದೆ. ಹೊಳೆಯ ತಳ ಇಳಿದರೆ ಅದಕ್ಕೆ ಬಂದು ಸೇರುವ ಪ್ರತಿ ಹಳ್ಳದ ಬಾಯಲ್ಲಿ ಒಂದು ಹೊಸ ಜಲಪಾತ ಹುಟ್ಟುತ್ತದೆ. ಅದು ಹಿಂದಕ್ಕೆ ಸರಿಯುತ್ತಾ, ಹಳ್ಳದಿಂದ ಕೊರಕಲಿಗೆ, ಕೊರಕಲಿನಿಂದ ಹೊಲಕ್ಕೆ ಹತ್ತುತ್ತದೆ. ಹೊಳೆಯಲ್ಲಿ ಎತ್ತಿದ ಮರಳಿನ ದಂಡವನ್ನು ಎಷ್ಟೋ ದೂರದ ಹೊಲದವನು ತೆರುತ್ತಾನೆ, ಏಕೆ ತೆರುತ್ತಿದ್ದೇನೆ ಎಂದು ಅವನಿಗೆ ಗೊತ್ತೂ ಆಗುವುದಿಲ್ಲ. ಇದು ನನಗೆ ಬಹಳ ನೋವಿನ ಸಂಗತಿ.

ನಗರದಲ್ಲಿ ನಡೆಯುವುದು ಇದರ ಇನ್ನೊಂದು ಮಗ್ಗುಲು. ರಾಜಕಾಲುವೆಯನ್ನು ಮುಚ್ಚಿ ಸೈಟು ಮಾಡಿದರೆ ಕಾಲುವೆ ಹೋಗುತ್ತದೆ, ತಗ್ಗು ಹೋಗುವುದಿಲ್ಲ. 2022ರಲ್ಲಿ ಜಿಲ್ಲೆಯ ಕೆರೆಗಳು ಸಾಲಾಗಿ ಕೋಡಿ ಬಿದ್ದ ಮಳೆಗಾಲ ನಿಮಗೆ ನೆನಪಿದೆ. ಅಂಥ ವರ್ಷ ನೀರು ದಾಖಲೆಯ ನಕ್ಷೆಯನ್ನು ಕೇಳುವುದಿಲ್ಲ, ತಗ್ಗನ್ನು ಕೇಳುತ್ತದೆ. ಸಿಮೆಂಟು ಹಾಸಿದ ನೆಲ ಹನಿಯನ್ನೂ ಕುಡಿಯದ್ದರಿಂದ ಹಿಂದೆ ದಿಣ್ಣೆಯ ಬುಡದಲ್ಲಿ ಹುಟ್ಟುತ್ತಿದ್ದ ಹಳ್ಳ ಈಗ ಬಡಾವಣೆಯ ಮೊದಲ ತಿರುವಿನಲ್ಲೇ ಹುಟ್ಟುತ್ತದೆ. ಹಳ್ಳವನ್ನು ಕೆಳಗೆ ಅಡ್ಡಗಟ್ಟುವ ಕೆಲಸಕ್ಕೆ ನಾವು ಎಷ್ಟೋ ಹಣ ಸುರಿಯುತ್ತೇವೆ. ಅದು ಹುಟ್ಟುವ ಜಾಗಕ್ಕೆ, ದಿಣ್ಣೆಯ ಆ ತಗ್ಗಿಗೆ, ಒಂದು ಬದುವನ್ನೋ ಹುಲ್ಲುಪಟ್ಟಿಯನ್ನೋ ಕೊಡುವುದಿಲ್ಲ. ನನ್ನ ತೀರ್ಪು ಇಷ್ಟೇ: ನಾವು ತಪ್ಪು ತುದಿಯಲ್ಲಿ ಕೆಲಸ ಮಾಡುತ್ತಿದ್ದೇವೆ.

ವಿದ್ಯಾರ್ಥಿಗಳಲ್ಲಿ ಒಂದು ಕೋರಿಕೆ. ಮಂಗಳದ ಕಣಿವೆಗಳ ನೆತ್ತಿ ಎಲ್ಲೆಲ್ಲಿವೆ ಎಂದು ಗುರುತು ಹಾಕಿ ನಕ್ಷೆ ಮಾಡಿದವರಿದ್ದಾರೆ. ಗುಬ್ಬಿ, ಕುಣಿಗಲ್ ತಾಲ್ಲೂಕುಗಳ ಕೊರಕಲುಗಳ ನೆತ್ತಿಗಳನ್ನು ನೀವು ಗುರುತು ಹಾಕಿ. ನಿಮ್ಮದೋ ಪಕ್ಕದವರದೋ ಹೊಲದಲ್ಲಿ ಒಂದು ಕೊರಕಲು ಹುಡುಕಿ, ಅದರ ನೆತ್ತಿಯಿಂದ ಐದು ಮೀಟರ್ ಮೇಲೆ ಒಂದು ಕಬ್ಬಿಣದ ಗೂಟ ಹೊಡೆಯಿರಿ. ಗೂಟದಿಂದ ನೆತ್ತಿಯ ಅಂಚಿಗೆ ಟೇಪು ಹಿಡಿದು ಅಳೆದು, ತಾರೀಖು ಹಾಕಿ ಬರೆದಿಡಿ. ನೆಲದ ಓರೆಯನ್ನೂ, ಮೇಲಿನಿಂದ ಎಷ್ಟು ಎಕರೆಯ ನೀರು ಅಲ್ಲಿಗೆ ಬರುತ್ತದೆ ಎಂಬುದನ್ನೂ ಬರೆಯಿರಿ. ಚಿತ್ತೆ ಮಳೆ ಮುಗಿದ ಮೇಲೆ ಹೋಗಿ ಮತ್ತೆ ಅಳೆಯಿರಿ. ಮುಂಗಾರು ಹತ್ತಿರ ಬಂತು. ಗೂಟವನ್ನು ಅದಕ್ಕೆ ಮೊದಲೇ ಹೊಡೆಯಬೇಕು.